ನಾಯಿ ಅಡ್ಡಾಡಿಸುವವರ ಪಗಾರ

ನಾನು 36 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ನಿವೃತ್ತನಾದರೂ ಲೆಕ್ಕ ಬರೆಯುವ ಚಟ ಬಿಟ್ಟಿಲ್ಲ. ಹಾಲು, ಪೇಪರು, ಗುಳಿಗೆ, ಮೊಮ್ಮಗಳ ಪೆನ್ಸಿಲ್ಲು ಎಲ್ಲವೂ ಮನೆಯ ಖರ್ಚಿನ ವಹಿಯಲ್ಲಿ ಕೂಡಬೇಕು. ಆ ವಹಿಯಲ್ಲಿ ಹಾಲಿನ ಬಾಕಿಯ ಕೆಳಗೆ ‘ನಾಯಿ ಅಡ್ಡಾಡಿಸಿದ ಬಾಬತ್ತು’ ಎಂದು 73ನೇ ವಯಸ್ಸಿನಲ್ಲಿ ಮೊದಲ ಸಲ ಬರೆದಾಗ ನನಗೇ ನಗು ಬಂತು.

ಆದದ್ದು ಇಷ್ಟು. ಬೆಂಗಳೂರಿನಲ್ಲಿರುವ ಮಗನನ್ನು ಕಂಪನಿಯವರು ಎರಡು ವರ್ಷಕ್ಕೆಂದು ಪರದೇಶಕ್ಕೆ ಕಳಿಸಿದರು. ಆತನ ಲ್ಯಾಬ್ರಡಾರ್ ನಾಯಿ ಬ್ರೂನೋ ಕಳೆದ ಜೂನ್‌ನಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಕೂತು ವಿಜಯಪುರಕ್ಕೆ ಬಂದಿತು. ವಯಸ್ಸು 4, ತೂಕ 32 ಕಿಲೋ. ನನ್ನ ತೂಕ 58. ಅದರ ಜೊತೆ ಒಂದು ಚೀಲವೂ ಬಂತು: ಎರಡು ಬಟ್ಟಲು, ಪಟ್ಟಿ, ಹಗ್ಗ, ಲಸಿಕೆಯ ಪುಸ್ತಕ, ಮತ್ತು ಮಗ ಟೈಪ್ ಮಾಡಿದ ಸೂಚನೆಗಳ ಹಾಳೆ. ‘ಬೆಳಿಗ್ಗೆ ಅರ್ಧ ತಾಸು, ಸಂಜೆ ಅರ್ಧ ತಾಸು ವಾಕಿಂಗ್ ತಪ್ಪಿಸಬಾರದು’ ಎಂಬ ಸಾಲಿಗೆ ಕೆಂಪು ಗೆರೆ ಎಳೆದಿದ್ದ.

“ಅಲ್ಲಿ ಯಾರು ಕರಕೊಂಡು ಹೋಗ್ತಿದ್ರೋ?” ಎಂದು ಕೇಳಿದೆ. ಒಬ್ಬ ಹುಡುಗ ಬರುತ್ತಿದ್ದನಂತೆ, ತಿಂಗಳಿಗೆ 7,000 ರೂಪಾಯಿ ಕೊಡುತ್ತಿದ್ದರಂತೆ. ನಾನು ನೌಕರಿಗೆ ಸೇರಿದಾಗ ಇಡೀ ವರ್ಷ ದುಡಿದರೂ ಅಷ್ಟು ರೊಕ್ಕ ಕೈಗೆ ಬರುತ್ತಿರಲಿಲ್ಲ! ಇದೇನೂ ಹೊಸ ಉದ್ಯೋಗವಲ್ಲ ಎಂದೂ ಮಗ ಹೇಳಿದ. ನ್ಯೂಯಾರ್ಕ್‌ನಲ್ಲಿ 1960ರ ದಶಕದಲ್ಲೇ ಜಿಮ್ ಬಕ್ ಎಂಬವರು ಸಿರಿವಂತರ ನಾಯಿಗಳನ್ನು ಒಮ್ಮೆಗೇ ಐದಾರರಂತೆ ಅಡ್ಡಾಡಿಸಿ ಹೆಸರು ಮಾಡಿದ್ದರು. ದಕ್ಷಿಣ ಅಮೆರಿಕದ ಬ್ಯೂನಸ್ ಐರಿಸ್ ಊರಿನಲ್ಲಿ ಒಬ್ಬೊಬ್ಬರೇ ನಾಯಿಗಳ ದೊಡ್ಡ ಹಿಂಡನ್ನು ಹಿಡಿದುಕೊಂಡು ಹೋಗುವುದು ದಿನದ ನೋಟ. ಧರ್ಮರಾಯನ ಹಿಂದೆ ಹೋದ ನಾಯಿ ಮಾತ್ರ ಪುಕ್ಕಟೆ ನಡೆದಿತ್ತು ಅಂದೆ. ಮಗನಿಗೆ ಅದು ತಿಳಿಯಲಿಲ್ಲ.

ರೊಕ್ಕ ಯಾಕೆ ಹಾಳು ಮಾಡಬೇಕು, ನಾನೇ ಇದ್ದೇನಲ್ಲ ಎಂದು ಹೊರಟೆ. ಹದಿನಾರು ದಿನ ಸಾಗಿತು. ಹದಿನೇಳನೇ ದಿನ ಬಾರಾಕಮಾನಿನ ಹತ್ತಿರದ ಓಣಿಯಲ್ಲಿ ಬ್ರೂನೋ ಒಂದು ಹಂದಿಯನ್ನು ನೋಡಿತು. ಹಗ್ಗವನ್ನು ನಾನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದೆ. ಮಕ್ಕಳೇ, ಹಾಗೆ ಎಂದೂ ಸುತ್ತಿಕೊಳ್ಳಬೇಡಿ. ನಾಯಿ ಜಗ್ಗಿದರೆ ಹಗ್ಗ ಬಿಡಲು ಬರುವುದಿಲ್ಲ, ಹಗ್ಗದ ಜೊತೆ ನೀವೂ ಹೋಗುತ್ತೀರಿ. ನಾನು ಹೋದೆ. ಮೊಣಕಾಲು ತರಚಿತು, ಚಷ್ಮಾ ಒಡೆಯಿತು. ಅಲಿ ಆದಿಲ್‌ಶಾಹನ ಅರ್ಧಕ್ಕೇ ನಿಂತ ಗೋರಿಯ ಎದುರು ನನ್ನ ವಾಯುವಿಹಾರವೂ ಅರ್ಧಕ್ಕೇ ನಿಂತಿತು. ಹೊಸ ಚಷ್ಮಾಕ್ಕೆ 1,800. ವಹಿಯಲ್ಲಿ ಇದನ್ನು ‘ಉಳಿತಾಯ ಮಾಡಲು ಹೋಗಿ’ ಎಂದು ಬರೆದಿದ್ದೇನೆ.

ನಮ್ಮೂರಿನಲ್ಲಿ ಈ ಕೆಲಸಕ್ಕೆಂದೇ ಇರುವವರು ಯಾರೂ ನನಗೆ ಸಿಗಲಿಲ್ಲ. ಮೊದಲು ಮುಂದೆ ಬಂದವನು ಪಕ್ಕದ ಮನೆಯ ಏಳನೇ ತರಗತಿಯ ಹುಡುಗ. “ಮುತ್ಯಾ, ದಿನಾ ಇಪ್ಪತ್ ರೂಪಾಯಿ ಕೊಡ್ರಿ ಸಾಕು.” ನನ್ನಾಕೆಗೆ ಅದು ಸರಿಯೆನಿಸಿತು. ನನಗೆ ಆಗಲಿಲ್ಲ. ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಮೆಗೆ ಇಟ್ಟುಕೊಳ್ಳಬಾರದೆಂದು ಕಾನೂನೇ ಇದೆ. 1986ರ ಕಾಯ್ದೆಯನ್ನು 2016ರಲ್ಲಿ ಇನ್ನೂ ಬಿಗಿ ಮಾಡಿದ್ದಾರೆ. ಕಾನೂನು ಒತ್ತಟ್ಟಿಗಿರಲಿ, ನನ್ನನ್ನೇ ಕೆಡವಿದ ನಾಯಿ ಆ ಹುಡುಗನನ್ನು ಲಾರಿಯ ಮುಂದೆ ಎಳೆದರೆ? ಆತ ನಾಕು ದಿನ ನನ್ನ ಜೊತೆ ಮಾತು ಬಿಟ್ಟ. ಆಮೇಲೆ ಒಬ್ಬ ಕಾಲೇಜು ತರುಣ ಬಂದ. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಮೊಬೈಲು, ಕಣ್ಣು ಮೊಬೈಲಿನಲ್ಲೇ. ಮೂರನೇ ದಿನಕ್ಕೆ ನಮಸ್ಕಾರ ಹೇಳಿದೆ.

ಕಡೆಗೆ ಸಿಕ್ಕವನು ಹಿಂದಿನ ಓಣಿಯ ಅಪಾರ್ಟ್‌ಮೆಂಟಿನ ರಾತ್ರಿ ಕಾವಲುಗಾರ. ಐವತ್ತರ ಆಸುಪಾಸು. ಬಬಲೇಶ್ವರದ ಹತ್ತಿರದ ಹಳ್ಳಿಯವನು. ಬಬಲೇಶ್ವರದ ಆಚೆ ಕೃಷ್ಣೆ ದಾಟಿದರೆ ಮುಧೋಳ ಸೀಮೆ. ಸಣ್ಣವನಿದ್ದಾಗ ಸೋದರಮಾವನ ಮನೆಯಲ್ಲಿ ಮುಧೋಳ ನಾಯಿಗಳ ಜೊತೆಗೇ ಬೆಳೆದವನಂತೆ. ಆ ಬಡಕಲು ಹೊಟ್ಟೆಯ, ಉದ್ದ ಕಾಲಿನ ಬೇಟೆ ನಾಯಿಯ ಚಿತ್ರವಿರುವ ಅಂಚೆಚೀಟಿ 2005ರಲ್ಲಿ ಬಂದಿದೆ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಅದರ ತಳಿ ಉಳಿಸಲೆಂದೇ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಕೇಂದ್ರವೂ ಇದೆ. ಆತ ಬ್ರೂನೋವನ್ನು ಒಮ್ಮೆ ಸುತ್ತುಹಾಕಿ ನೋಡಿ, “ಇದೇನ್ರಿ ಸರ, ಎಮ್ಮಿಕರ ಆಗೇತಿ. ಅಡ್ಡಾಡಿದ್ರ ಇಳೀತೈತಿ ಬಿಡ್ರಿ” ಅಂದ.

ಪಗಾರ ಎಷ್ಟು ಅಂದರೆ, “ನೀವ ಹೇಳ್ರಿ.”

ನನ್ನ ಬಾಯಿಯಿಂದ ಬಂದದ್ದು ಸಾವಿರದ ಐದುನೂರು. ನಾಯಿ ಹಿಡಿದು ಅಡ್ಡಾಡುವುದರಲ್ಲಿ ಕೆಲಸವೇನಿದೆ ಎಂಬ ಭಾವ. ಆಗ ಅಲ್ಲೇ ಹೋಮ್‌ವರ್ಕ್ ಬರೆಯುತ್ತಿದ್ದ ಮೊಮ್ಮಗಳು ತಲೆ ಎತ್ತಿದಳು. ಮಗಳನ್ನು ತಿಕೋಟಾದ ದ್ರಾಕ್ಷಿ ಬೆಳೆಯುವ ಮನೆಗೆ ಕೊಟ್ಟಿದ್ದೇವೆ; ಈಕೆ ಆರನೇ ತರಗತಿ, ನಮ್ಮಲ್ಲಿದ್ದು ಓದುತ್ತಾಳೆ. “ಮುತ್ಯಾ, ನೀ ಬ್ಯಾಂಕಿನ್ಯಾಗ ಬ್ಯಾರೆಯವರ ರೊಕ್ಕ ಎಣಸ್ತಿದ್ದಿ. ಅದಕ್ಕ ಪಗಾರ ಕೊಡ್ತಿದ್ರಲ್ಲ?”

ಬಾಯಿ ಮುಚ್ಚಿ ವಹಿ ತೆಗೆದೆ. ತೋಟದ ಕೆಲಸಕ್ಕೆ ನಮ್ಮ ಬೀಗರು ಗಂಡಾಳಿಗೆ ಎಂಟು ತಾಸಿಗೆ 500 ಕೊಡುತ್ತಾರೆ. ಅಂದರೆ ತಾಸಿಗೆ 62 ರೂಪಾಯಿ 50 ಪೈಸೆ. ಅಡ್ಡಾಟ ದಿನಕ್ಕೆ ಒಂದು ತಾಸು ಅಂದರೂ ಬರುವುದು, ಪಟ್ಟಿ ಕಟ್ಟುವುದು, ಕಾಲು ಒರೆಸುವುದು, ನೀರು ಕುಡಿಸುವುದು ಎಲ್ಲ ಸೇರಿ ಎರಡು ತಾಸು. ದಿನಕ್ಕೆ 125. ವಾರಕ್ಕೊಂದು ರಜೆ ಬಿಟ್ಟು 26 ದಿನಕ್ಕೆ 3,250. ಇಡೀ ರಾತ್ರಿ ಕಾವಲು ಕಾದು ಬಂದವನಿಗೆ ನಾನು ಅರ್ಧಕ್ಕಿಂತ ಕಡಿಮೆ ಹೇಳಿದ್ದೆ. 3,300ಕ್ಕೆ ಮುಗಿಸಿದೆವು. ಬ್ಯಾಂಕಿನಲ್ಲಿ ನನಗೆ ವರ್ಷಕ್ಕೆ 12 ಕ್ಯಾಜುವಲ್ ಲೀವ್ ಇದ್ದವು. ಆತನಿಗೂ ಅಷ್ಟೇ, ಪಗಾರ ಕಡಿತವಿಲ್ಲ. ದೀಪಾವಳಿಗೆ ಒಂದು ತಿಂಗಳ ಬೋನಸ್. ಬೋನಸ್ಸಿಗಾಗಿ ಕೆಂಪು ಬ್ಯಾಡ್ಜ್ ಹಚ್ಚಿಕೊಂಡು ಕೂಗಿದವನು ನಾನು, ಈಗ ಹೇಗೆ ಇಲ್ಲವೆನ್ನಲಿ?

ಆತನ ಕೆಲಸ ನೋಡುವುದೇ ಒಂದು ಪಾಠ. ಬ್ರೂನೋ ಹಗ್ಗ ಜಗ್ಗಿದರೆ ಆತ ತಿರುಗಿ ಜಗ್ಗುವುದಿಲ್ಲ, ಬೈಯುವುದಿಲ್ಲ. ಕಂಬದಂತೆ ನಿಂತುಬಿಡುತ್ತಾನೆ. ನಾಯಿ ಹಿಂದೆ ನೋಡಿ ಹಗ್ಗ ಸಡಿಲಾದ ಮೇಲೆಯೇ ಮುಂದಿನ ಹೆಜ್ಜೆ. “ಎತ್ತು ಜಗ್ಗಿದ್ರ ನಾವು ಜಗ್ಗಬಾರ್ದ್ರಿ. ನಿಂದರಬೇಕ್ರಿ.” ಮೊದಲ ವಾರ ಅರ್ಧ ತಾಸಿನಲ್ಲಿ ಮುಂದಿನ ತಿರುವನ್ನೂ ಮುಟ್ಟಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಕೋಟೆ ಗೋಡೆಯ ತನಕ ಹೋಗಿ ಬರತೊಡಗಿದರು. ಬೀದಿ ನಾಯಿಗಳ ಗುಂಪು ಕಂಡರೆ ಕೋಲು ಬೀಸುವ ಬದಲು ಓಣಿಯನ್ನೇ ಬದಲಿಸುತ್ತಾನೆ. ಜೇಬಿನಲ್ಲಿ ಹಳೆಯ ಪೇಪರು, ಒಂದು ಚೀಲ. ಯಾರ ಮನೆಯ ಮುಂದೂ ಹೊಲಸು ಬಿಟ್ಟು ಬಂದದ್ದಿಲ್ಲ. ಭಾನುವಾರ ನಾವೂ ಹಿಂದೆ ಹೋಗುತ್ತೇವೆ: ನಾನು, ಮೊಮ್ಮಗಳು, ಮತ್ತೆ ಮಾತಿಗೆ ಬಂದ ಪಕ್ಕದ ಮನೆಯ ಹುಡುಗ.

ಶಿವರಾತ್ರಿ ಕಳೆದ ಮೇಲೆ ನಮ್ಮ ಬಿಸಿಲು ನಿಮಗೆ ಗೊತ್ತಲ್ಲ. ಡಾಂಬರಿನ ಮೇಲೆ ಮುಂಗೈಯ ಹಿಂಬದಿ ಇಟ್ಟು ಏಳು ಎಣಿಸುವ ತನಕ ತಡೆದುಕೊಳ್ಳಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಸುಡುತ್ತದೆ. ಅದಕ್ಕೆ ಚಪ್ಪಲಿ ಇಲ್ಲ. ನಮ್ಮಂತೆ ಮೈಯೆಲ್ಲ ಬೆವರುವುದೂ ಇಲ್ಲ, ನಾಲಿಗೆ ಚಾಚಿ ತೇಗಿಯೇ ತಂಪು ಮಾಡಿಕೊಳ್ಳಬೇಕು. ಹಾಗಾಗಿ ಬೇಸಿಗೆಯಲ್ಲಿ ಮುಂಜಾನೆ 5.45ಕ್ಕೆ, ಸಂಜೆ ಏಳರ ಮೇಲೆ.

ಇನ್ನು ಹೇಳಲು ಮನಸ್ಸಿಲ್ಲದ ಸಂಗತಿ ಹೇಳುತ್ತೇನೆ.

ಯುಗಾದಿಗೆ ಇನ್ನೂ ಐದು ದಿನವಿದ್ದಾಗ ತಿಕೋಟಾದಿಂದ ಬೀಗರು ಹೊಸ ಒಣದ್ರಾಕ್ಷಿ ಕಳಿಸಿದರು. ಅದರಲ್ಲಿ ಅರ್ಧ ಕಿಲೋ ಕಟ್ಟಿ ಆತನಿಗೂ ಕೊಟ್ಟೆ. ಅಂದು ಸಂಜೆ ಆತ ಹೋದ ಹತ್ತೇ ನಿಮಿಷಕ್ಕೆ ಬ್ರೂನೋವನ್ನು ತಿರುಗಿ ಕರೆತಂದ. “ಸರ, ಎರಡ ಸಲ ಕಕ್ಕೇತ್ರಿ. ಬರೇ ದ್ರಾಕ್ಷಿ.” ಅಂಗಳದಲ್ಲಿ ನಮ್ಮ ಕಣ್ಣೆದುರೇ ಮೂರನೇ ಸಲ ಕಕ್ಕಿತು. ಉಬ್ಬಿದ ದ್ರಾಕ್ಷಿಗಳು. ನನಗೆ ಸಿಟ್ಟು ನೆತ್ತಿಗೇರಿತು. “ತಿನ್ನಾಕ ಕೊಟ್ಟಿದ್ದು ನಿನಗ, ನಾಯಿಗಲ್ಲ!” ಎಂದು ಓಣಿಗೆಲ್ಲ ಕೇಳುವಂತೆ ಒದರಿದೆ.

“ನಾ ಹಾಕಿಲ್ರಿ ಸರ,” ಅಂದ ಆತ. “ಮೊದಲ ಡಾಕ್ಟರ್ ಕಡೆ ಹೋಗೂಣ್ರಿ.” ತಾನೇ ಆಟೋ ತಂದ, ನಾಯಿಯನ್ನು ಎತ್ತಿ ಕೂರಿಸಿದ.

ಪಶುವೈದ್ಯೆ ಮೊದಲು ಕೇಳಿದ್ದೇ ಏನು ತಿಂದಿದೆ, ಎಷ್ಟು ಹೊತ್ತಾಯಿತು ಎಂದು. ದ್ರಾಕ್ಷಿ ಅಂದ ಕೂಡಲೇ ಅವರ ಮುಖ ಬದಲಾಯಿತು. ದ್ರಾಕ್ಷಿ ನಾಯಿಗೆ ವಿಷವಂತೆ! ಮೂತ್ರಪಿಂಡವನ್ನೇ ಕೆಡಿಸಬಹುದು. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಈಚೆಗೆ ಕಂಡುಕೊಂಡಿದ್ದಾರೆ, ಹುಣಸೆಹಣ್ಣಿನಲ್ಲೂ ಅದಿದೆ. ಕೆಲವು ನಾಯಿಗಳಿಗೆ ಏನೂ ಆಗುವುದಿಲ್ಲ, ಕೆಲವಕ್ಕೆ ಒಂದು ಹಿಡಿ ಸಾಕು, ಯಾವುದಕ್ಕೆ ಎಂದು ಮೊದಲೇ ಹೇಳಲು ಬರುವುದಿಲ್ಲ. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿದರೆ ಒಂದು ಕಿಲೋ ಒಣದ್ರಾಕ್ಷಿ ಅಲ್ಲವೇ? ಹಾಗಾಗಿ ಒಣಗಿದ್ದು ಇನ್ನೂ ಕೆಟ್ಟದ್ದು. ದ್ರಾಕ್ಷಿಯ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಇದು ಗೊತ್ತಿರಲಿಲ್ಲ. ಬಿ.ಕಾಂ.ನಲ್ಲಿ ಹೇಳಿಕೊಟ್ಟಿರಲಿಲ್ಲ ಅಂದರೆ ಅದು ನೆವವಾಗುತ್ತದೆ, ಅಷ್ಟೇ.

ಮತ್ತೆ ವಾಂತಿ ಮಾಡಿಸಿ ಸಲೈನ್ ಹಚ್ಚಿದರು. ಆತ ನೆಲದ ಮೇಲೆ ಕೂತು ಬ್ರೂನೋವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹತ್ತು ಗಂಟೆಯ ತನಕ ಅಲುಗಲಿಲ್ಲ. ಕಾವಲಿಗೆ ಹೋಗಬೇಕಾದ ಹೊತ್ತು ಮೀರಿ ಹೋಗಿತ್ತು. ಮನೆಗೆ ಬಂದ ಮೇಲೆ ಹಗ್ಗವನ್ನು ಮೊಳೆಗೆ ತೂಗುಹಾಕಿ, “ನಾಳಿಂದ ಬ್ಯಾರೆಯವರ್ನ ನೋಡ್ಕೋರಿ ಸರ” ಎಂದು ಹೇಳಿ ಹೋದ.

ಮೊಮ್ಮಗಳು ಮಂಚದ ಕೆಳಗಿಂದ ಹರಿದ ಚೀಲ ಎಳೆದು ತಂದದ್ದು ಆಮೇಲೆ. ಮಧ್ಯಾಹ್ನ ಕಟ್ಟಿಕೊಡಲು ಕೂತವನು ಉಳಿದ ದ್ರಾಕ್ಷಿಯನ್ನು ಮಂಚದ ಮೇಲೆಯೇ ಬಿಟ್ಟು ಮಲಗಿದ್ದೆ. “ಮುತ್ಯಾ, ಇದು ನಿನ್ನ ಚೀಲ,” ಅಂದಳು. ಮತ್ತೇನೂ ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ.

ಎರಡು ದಿನ ಸಲೈನ್, ಎರಡು ಸಲ ರಕ್ತ ಪರೀಕ್ಷೆ. ಮೂರನೇ ದಿನ ವೈದ್ಯೆ ವರದಿ ನೋಡಿ, “ಮೂತ್ರಪಿಂಡಕ್ಕೆ ಏನೂ ಆಗಿಲ್ಲ, ವಾಕಿಂಗಿಗೆ ಹೋದವರು ಬೇಗ ನೋಡಿದ್ದು ಒಳ್ಳೆಯದಾಯಿತು” ಅಂದರು. ಒಟ್ಟು 4,640 ರೂಪಾಯಿ. ವಹಿಯಲ್ಲಿ ‘ನನ್ನ ತಪ್ಪಿನ ಬಾಬತ್ತು’ ಎಂದು ಬರೆದೆ. ಅಪಾರ್ಟ್‌ಮೆಂಟಿಗೆ ಹೋಗಿ ಕೇಳಿದರೆ ಆತ ರಜೆ ಹಾಕಿ ಊರಿಗೆ ಹೋಗಿದ್ದ.

ಫೋನ್ ಮಾಡಬಹುದಿತ್ತು. ಒದರಿದ್ದು ಎದುರಾಎದುರು, ತಪ್ಪಾಯಿತೆನ್ನುವುದು ಫೋನಿನಲ್ಲಿ ಎಂದರೆ ಲೆಕ್ಕ ಕೂಡುವುದಿಲ್ಲ. ಮೊಮ್ಮಗಳನ್ನು ಕರೆದುಕೊಂಡು ಬಬಲೇಶ್ವರದ ಬಸ್ಸು ಹತ್ತಿದೆ. ಅಲ್ಲಿಂದ ಟಂಟಂ. ಆತ ಮನೆಯ ಮುಂದೆ ಬೇವಿನ ಗಿಡದ ಕೆಳಗೆ ಹಗ್ಗ ಹೊಸೆಯುತ್ತಿದ್ದ. ನನ್ನನ್ನು ಕಂಡು ಗಡಬಡಿಸಿ ಎದ್ದ.

“ತಮ್ಮಾ, ಚೀಲ ನಾನ ಬಿಟ್ಟಿದ್ದೆ. ನಿನಗ ಅನಬಾರದ್ದು ಅಂದೆ,” ಅಂದೆ. ಬಸ್ಸಿನಲ್ಲಿ ಇನ್ನೂ ನಾಕು ಮಾತು ಜೋಡಿಸಿಕೊಂಡಿದ್ದೆ, ಬರಲಿಲ್ಲ.

ಆತ ಸ್ವಲ್ಪ ಹೊತ್ತು ಕೈಯಲ್ಲಿದ್ದ ನಾರನ್ನೇ ನೋಡಿದ. “ನಾಯಿ ಹೆಂಗೈತ್ರಿ?”

“ಆರಾಮ ಐತಿ. ಬಾಗಿಲ ನೋಡ್ಕೋತ ಕುಂದರತೈತಿ,” ಎಂದು ಮೊಮ್ಮಗಳು ಹೇಳಿದಳು.

ಆತನ ಹೆಂಡತಿ ಚಹಾ ತಂದರು. ತಟ್ಟೆಯಲ್ಲಿ ಚುರುಮುರಿ, ಪಕ್ಕದಲ್ಲಿ ನಾನೇ ಕೊಟ್ಟಿದ್ದ ಒಣದ್ರಾಕ್ಷಿ. ಕುಡಿದು ಎದ್ದೆವು. ಟಂಟಂ ತನಕ ಬಿಡಲು ಬಂದವನು ಹೇಳಿದ:

“ನಾಳೆ ಅಮಾಸಿ, ನಾಡದ ಯುಗಾದಿ. ಹಬ್ಬ ಮಾಡಿ ಮರುದಿನ ಮುಂಜಾನೆ ಬರ್ತೀನ್ರಿ. ಅಲ್ಲೀತನಕ ನೀವ ಅಡ್ಡಾಡಸ್ರಿ. ಜಗ್ಗಿದ್ರ ನಿಂದರ್ರಿ.”