ಚಿನ್ನಸ್ವಾಮಿಯ ಗ್ಯಾಲರಿ ತುಂಬಿದ ಬಗೆ

ಕ್ರಿಕೆಟ್ ಹಂಗಾಮು ಬಂತೆಂದರೆ ಕೃಷ್ಣರಾಜ ಮಾರುಕಟ್ಟೆಯ ಸುತ್ತಮುತ್ತಲ ಫುಟ್‌ಪಾತ್‌ಗಳಲ್ಲಿ ಆರ್‌ಸಿಬಿಯ ಕೆಂಪು ಜೆರ್ಸಿಗಳು ತೂಗಾಡತೊಡಗುತ್ತವೆ. 18ನೇ ನಂಬರಿನವೇ ಹೆಚ್ಚು. ಕೊಳ್ಳುವವರ ಕಣ್ಣಲ್ಲಿ ಅದು ವಿರಾಟ್ ಕೊಹ್ಲಿಯ ನಂಬರು. ಮಹಿಳಾ ತಂಡದ ನಾಯಕಿ ಸ್ಮೃತಿ ಮಂದಾನ ತೊಡುವುದೂ 18ನ್ನೇ. ಗಂಡಸರ ತಂಡ 2008ರಿಂದ ಕಾಯುತ್ತಲೇ ಇದ್ದ ಕಪ್ಪನ್ನು ಫ್ರಾಂಚೈಸಿಗೆ ಮೊದಲು ತಂದವರು ಸ್ಮೃತಿಯ ಹುಡುಗಿಯರು. ಅದೂ ತಮ್ಮ ಎರಡನೇ ಹಂಗಾಮಿನಲ್ಲೇ, 2024ರ ಮಾರ್ಚ್ 17ರಂದು, ದೆಹಲಿಯಲ್ಲಿ. ಆ ಫೈನಲ್‌ನಲ್ಲಿ 12 ರನ್ನಿಗೆ 4 ವಿಕೆಟ್ ಕಿತ್ತ ಶ್ರೇಯಾಂಕಾ ಪಾಟೀಲ್ ನಮ್ಮ ಬೆಂಗಳೂರಿನವಳು.

ಇಷ್ಟಾದರೂ "ಹೆಂಗಸರ ಮ್ಯಾಚ್ ಯಾರ್ರೀ ನೋಡ್ತಾರೆ?" ಎಂಬ ಮಾತು ಚಹಾ ಅಂಗಡಿಗಳಲ್ಲಿ ಇನ್ನೂ ಕೇಳಿಸುತ್ತದೆ. ಅದಕ್ಕೆ ಉತ್ತರ ಹುಡುಕಬೇಕಾದರೆ ಇದೇ ಊರಿನಲ್ಲಿ ಅರ್ಧ ಶತಮಾನ ಹಿಂದಕ್ಕೆ ಹೋಗಬೇಕು.

ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಗಂಡಸರ ಮೊದಲ ಟೆಸ್ಟ್ ನಡೆದದ್ದು 1974ರ ನವೆಂಬರಿನಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ಎರಡು ವರ್ಷ ಕಳೆಯುವ ಮೊದಲೇ, 1976ರ ಅಕ್ಟೋಬರ್ 31ರಂದು, ಭಾರತದ ಮಹಿಳೆಯರು ತಮ್ಮ ಇತಿಹಾಸದ ಮೊತ್ತಮೊದಲ ಟೆಸ್ಟ್ ಆಡಲು ಬೆಂಗಳೂರಿನಲ್ಲೇ ಕಣಕ್ಕಿಳಿದರು. ಎದುರಾಳಿ ಅದೇ ವೆಸ್ಟ್ ಇಂಡೀಸ್. ನಾಯಕಿ ಬೆಂಗಳೂರಿನ ಶಾಂತಾ ರಂಗಸ್ವಾಮಿ. ಪಂದ್ಯ ಡ್ರಾ ಆಯಿತು. ಅದೇ ನವೆಂಬರಿನಲ್ಲಿ ಪಟ್ನಾದಲ್ಲಿ ಮೊದಲ ಗೆಲುವೂ ಬಂತು. ಅಲ್ಲಿ ನೆರೆದ ಪ್ರೇಕ್ಷಕರು 25 ಸಾವಿರಕ್ಕೂ ಹೆಚ್ಚು. 1977ರ ಜನವರಿಯಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಶಾಂತಾ 108 ರನ್ ಹೊಡೆದು, ಟೆಸ್ಟ್ ಶತಕ ಬಾರಿಸಿದ ಮೊದಲ ಭಾರತೀಯ ಮಹಿಳೆಯಾದರು. ಆ ತಂಡದವರು ರಿಸರ್ವೇಶನ್ ಇಲ್ಲದ ರೈಲು ಬೋಗಿಗಳಲ್ಲಿ ಊರೂರು ಸುತ್ತಿ ಆಡಿದವರು.

ಹಾಗಾದರೆ ಪಂದ್ಯ ನೋಡಲು ಬಂದ ಆ ಜನ ಎಲ್ಲಿ ಹೋದರು? ಜನ ಹೋಗಲಿಲ್ಲ, ಪಂದ್ಯಗಳೇ ವಿರಳವಾದವು. 1977ರ ಜನವರಿಯ ನಂತರ ನಮ್ಮ ಮಹಿಳೆಯರಿಗೆ ಮುಂದಿನ ಟೆಸ್ಟ್ ಸಿಕ್ಕಿದ್ದು 1984ರಲ್ಲಿ. ಏಳು ವರ್ಷ ಒಂದೇ ಒಂದು ಟೆಸ್ಟ್ ಆಡಿಸದೆ, ನೋಡುವವರಿಲ್ಲ ಎನ್ನುವುದು ಯಾವ ನ್ಯಾಯ? ಇಂಗ್ಲೆಂಡಿನಲ್ಲೂ ಹೀಗೇ ಆಯಿತು. 1920ರ ಕ್ರಿಸ್‌ಮಸ್ ಮರುದಿನ ಲಿವರ್‌ಪೂಲ್‌ನಲ್ಲಿ ಮಹಿಳೆಯರ ಫುಟ್‌ಬಾಲ್ ನೋಡಲು 53 ಸಾವಿರ ಜನ ಸೇರಿದ್ದರು. ಮರುವರ್ಷವೇ ಅಲ್ಲಿನ ಫುಟ್‌ಬಾಲ್ ಸಂಸ್ಥೆ ತನ್ನ ಮೈದಾನಗಳ ಬಾಗಿಲನ್ನು ಹೆಂಗಸರಿಗೆ ಮುಚ್ಚಿತು. ಅದು ತೆರೆಯಲು ಸುಮಾರು 50 ವರ್ಷ ಬೇಕಾಯಿತು.

ಗಂಡು ಹೆಣ್ಣಿನ ನಡುವೆ ದೇಹಬಲದ ಅಂತರ ಇರುವುದು ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಹದಿಹರೆಯದಲ್ಲಿ ಗಂಡುಮಕ್ಕಳಲ್ಲಿ ಏರುವ ಟೆಸ್ಟೊಸ್ಟಿರೋನ್ ಸ್ನಾಯು, ಮೂಳೆ, ಹಿಮೋಗ್ಲೋಬಿನ್ ಎಲ್ಲವನ್ನೂ ಹೆಚ್ಚಿಸುತ್ತದೆ. 100 ಮೀಟರ್ ಓಟದಲ್ಲಿ ಉಸೇನ್ ಬೋಲ್ಟ್ ದಾಖಲೆ 9.58 ಸೆಕೆಂಡ್, ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ ದಾಖಲೆ 10.49. ಅಂತರ ಶೇ 10ರ ಒಳಗೆ. ಮಹಿಳಾ ಕ್ರಿಕೆಟ್‌ನಲ್ಲಿ ಚೆಂಡು ಸ್ವಲ್ಪ ಹಗುರ, ಬೌಂಡರಿ ಹತ್ತಿರ. ಆದರೆ ನೋಡುವ ಸುಖ ವೇಗದ ಲೆಕ್ಕದಲ್ಲಿ ಅಡಗಿಲ್ಲ. ಬಸವನಗುಡಿ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದ ಅನಿಲ್ ಕುಂಬ್ಳೆಯ ಬೌಲಿಂಗನ್ನು ಈ ಊರು ಕಣ್ಣು ಮಿಟುಕಿಸದೆ ನೋಡಿತಲ್ಲ, ಅವರೇನು ವೇಗದ ಬೌಲರೇ? ಸಮಬಲರ ನಡುವಿನ ಸೆಣಸಾಟ, ಆಟಗಾರರ ಮೇಲೆ ಬೆಳೆದ ಸಲುಗೆ, ನಮ್ಮವರು ಎಂಬ ಅಭಿಮಾನ, ಇವೇ ಪ್ರೇಕ್ಷಕರನ್ನು ಎಳೆಯುವುದು.

ಆ ಸಲುಗೆ ಬೆಳೆಯಲು ದಾರಿ ಮಾಡಿದ್ದು ಟಿವಿ ಮತ್ತು ಹಣ. 2006ರಲ್ಲಿ ಮಹಿಳಾ ಕ್ರಿಕೆಟ್ ಬಿಸಿಸಿಐ ತೆಕ್ಕೆಗೆ ಬಂತು. 2017ರ ವಿಶ್ವಕಪ್ ಫೈನಲ್‌ನಲ್ಲಿ ಭಾರತ ಲಾರ್ಡ್ಸ್‌ನಲ್ಲಿ 9 ರನ್ನಿನಿಂದ ಸೋತಾಗ ದೇಶವೇ ಟಿವಿ ಮುಂದೆ ಕುಳಿತಿತ್ತು. ಕಡೂರಿನ ವೇದಾ ಕೃಷ್ಣಮೂರ್ತಿ, ವಿಜಯಪುರದ ರಾಜೇಶ್ವರಿ ಗಾಯಕವಾಡ್ ಆ ತಂಡದಲ್ಲಿದ್ದರು. 2022ರಲ್ಲಿ ಪಂದ್ಯ ಶುಲ್ಕ ಸಮವಾಯಿತು: ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ ರೂಪಾಯಿ. 2023ರಲ್ಲಿ ಮಹಿಳೆಯರ ಪ್ರೀಮಿಯರ್ ಲೀಗ್ (ಡಬ್ಲ್ಯುಪಿಎಲ್) ಬಂತು.

2024ರಲ್ಲಿ ಆ ಟೂರ್ನಿಯ ಅರ್ಧ, ಅಂದರೆ 11 ಪಂದ್ಯಗಳು, ಚಿನ್ನಸ್ವಾಮಿಯಲ್ಲಿ ನಡೆದವು. ಗ್ಯಾಲರಿಯ ಕೂಗಿಗೆ ಕಿವಿ ಗಡಚಿಕ್ಕುತ್ತಿತ್ತು. ಆರ್‌ಸಿಬಿಯ ಎಲಿಸ್ ಪೆರಿ ಹೊಡೆದ ಸಿಕ್ಸರ್ ಮೈದಾನದಂಚಿನಲ್ಲಿ ಪ್ರದರ್ಶನಕ್ಕಿಟ್ಟ ಕಾರಿನ ಗಾಜನ್ನೇ ಒಡೆಯಿತು. ಅದೇ ವರ್ಷದ ಜೂನ್ 19ರಂದು ಇಲ್ಲೇ ನಡೆದ ದಕ್ಷಿಣ ಆಫ್ರಿಕಾ ವಿರುದ್ಧದ ಏಕದಿನ ಪಂದ್ಯದಲ್ಲಿ ಭಾರತ 325 ಹೊಡೆದರೆ ಎದುರಾಳಿ 321ಕ್ಕೆ ಬಂದು ನಿಂತಿತು. ನಮ್ಮ ಸ್ಮೃತಿ, ಹರ್ಮನ್‌ಪ್ರೀತ್, ಅವರ ವೋಲ್ವಾರ್ಟ್, ಕ್ಯಾಪ್ ನಾಲ್ವರದೂ ಶತಕ. ಮಹಿಳೆಯರ ಏಕದಿನ ಪಂದ್ಯವೊಂದರಲ್ಲಿ ನಾಲ್ಕು ಶತಕ ಬಂದದ್ದು ಅದೇ ಮೊದಲು. ಕೊನೆಯ ಓವರಿನಲ್ಲಿ 11 ರನ್ ಬೇಕಿದ್ದಾಗ ಪೂಜಾ ವಸ್ತ್ರಾಕರ್ ಕೊಟ್ಟದ್ದು 6. ಇದಕ್ಕಿಂತ ಒಳ್ಳೆಯ ಏಕದಿನ ಪಂದ್ಯ ಗಂಡಸರೂ ವಿರಳವಾಗಿ ಆಡುತ್ತಾರೆ.

2025ರ ಮಹಿಳಾ ವಿಶ್ವಕಪ್ ಬೆಂಗಳೂರಿನಲ್ಲೇ ಆರಂಭವಾಗಬೇಕಿತ್ತು. ಜೂನ್ 4ರಂದು ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಜೀವಗಳು ಹೋದ ಮೇಲೆ ಈ ಊರಿನ ಬದಲು ನವಿ ಮುಂಬೈಯನ್ನು ಆತಿಥ್ಯಕ್ಕೆ ಆರಿಸಲಾಯಿತು. ಅದು ಅನಿವಾರ್ಯವಾಗಿತ್ತು. ನವೆಂಬರ್ 2ರಂದು ಭಾರತ ದಕ್ಷಿಣ ಆಫ್ರಿಕಾವನ್ನು 52 ರನ್ನಿನಿಂದ ಮಣಿಸಿ ಕಪ್ ಎತ್ತಿದ್ದು ಅಲ್ಲೇ. ಮೊದಲ ಟೆಸ್ಟ್ ಕಂಡ ನಗರಕ್ಕೆ ಆ ಸಂಭ್ರಮ ಕಣ್ಣಾರೆ ಕಾಣುವ ಯೋಗ ತಪ್ಪಿತು. ಗೇಟು, ಟಿಕೆಟ್, ಜನದಟ್ಟಣೆಯ ವ್ಯವಸ್ಥೆ ಸರಿಪಡಿಸಿ, ಮಹಿಳೆಯರ ಪಂದ್ಯಗಳನ್ನು ಇಲ್ಲಿಗೆ ಕರೆತರುವ ಹೊಣೆ ಆಡಳಿತಗಾರರದು. ಅವು ಬಂದ ದಿನ ಟಿಕೆಟ್ ಕೊಂಡು, ಮನೆಯ ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗಿ ಕೂರುವುದು ನಮ್ಮ ಪಾಲಿನ ಕೆಲಸ.