ಮಂಡಿ ಆಪರೇಷನ್ ಆದ ಮೇಲೂ ಊತ: ಸಿಮೆಂಟ್ ಕಾರಣವೇ?

ಸಖರಾಯಪಟ್ಟಣ: ಮಂಡಿ ಕೀಲು ಬದಲಿಸಿಕೊಂಡು ಊರಿಗೆ ಬಂದವರ ದೊಡ್ಡ ಅನುಮಾನ, ‘ಕಾಲು ಇನ್ನೂ ಬಿಸಿ ಇದೆ, ಊದಿದೆ, ಹಾಕಿರೋ ಸಿಮೆಂಟ್ ಸರಿ ಇಲ್ವೇನೋ?’

ಇದು ಮನೆ ಕಟ್ಟೋ ಸಿಮೆಂಟ್ ಅಲ್ಲ. ಪುಡಿ, ದ್ರವ ಕಲಸಿ ಮಾಡುವ ಅಕ್ರಿಲಿಕ್. ಸುಮಾರು 10-15 ನಿಮಿಷದಲ್ಲಿ ಗಟ್ಟಿಯಾಗಿ ಕೃತಕ ಕೀಲನ್ನು ಮೂಳೆಗೆ ಹಿಡಿಸುತ್ತದೆ. ಗಟ್ಟಿಯಾಗುವಾಗ ಬಿಸಿಯಾಗುವುದು ನಿಜ. ಆ ಬಿಸಿ ಆಪರೇಷನ್ ಟೇಬಲ್ ಮೇಲೇ ಆರಿಹೋಗುತ್ತದೆ. ಮನೆಗೆ ಬಂದ ಮೇಲಿನ ಬಿಸಿ, ಊತ ಸಾಮಾನ್ಯವಾಗಿ ಗಾಯ ಮಾಗುವುದರದ್ದು. ವಾರಗಟ್ಟಲೆ, ಕೆಲವರಿಗೆ 3ರಿಂದ 6 ತಿಂಗಳೂ ಇರುತ್ತದೆ. ನಿಧಾನಕ್ಕಾದರೂ ಇಳಿಯುತ್ತಿರಬೇಕು, ಅಷ್ಟೇ.

ಜೆಂಟಾಮೈಸಿನ್‌ನಂಥ ಆ್ಯಂಟಿಬಯಾಟಿಕ್ ಬೆರೆಸಿದ ಸಿಮೆಂಟೂ ಇದೆ. ಸೋಂಕಿನ ಅಪಾಯ ಹೆಚ್ಚಿರುವವರಿಗೆ ವೈದ್ಯರು ಅದನ್ನು ಆರಿಸುವುದುಂಟು. ಆದರೆ ಅದು ಊತ ಇಳಿಸೋ ಔಷಧಿಯಲ್ಲ. ಯಾವುದಾದರೂ ಔಷಧಿ ಒಗ್ಗದಿದ್ದರೆ ಆಪರೇಷನ್‌ಗೆ ಮೊದಲೇ ಹೇಳಬೇಕು.

ಕಮ್ಮಿಯಾಗಿದ್ದ ನೋವು ಮತ್ತೆ ಏರಿದರೆ, ಜ್ವರ ಬಂದರೆ, ಗಾಯದಿಂದ ನೀರು, ಕೀವು ಸೋರಿದರೆ ಕಾಯಬೇಡಿ. ಎಡವಟ್ಟಾಗೋದು ಇಲ್ಲೇ: ಆಸ್ಪತ್ರೆ ದೂರ ಅಂತ ಮೆಡಿಕಲ್ ಶಾಪಿಂದ ಆ್ಯಂಟಿಬಯಾಟಿಕ್ ತಂದು ನುಂಗಿಬಿಡುವುದು. ಆಮೇಲೆ ಕೀಲಿನ ನೀರು ತೆಗೆದು ಪರೀಕ್ಷಿಸಿದರೂ ಸೋಂಕು ಪತ್ತೆಯಾಗದೇ ಹೋಗಬಹುದು. ಮಾತ್ರೆಗೆ ಮೊದಲು ಆಪರೇಷನ್ ಮಾಡಿದ ವೈದ್ಯರಿಗೆ ಫೋನ್ ಹೋಗಲಿ. ಮೀನಖಂಡ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ತೋರಿಸಬೇಕು.