ಬೇಡದ ಕರೆಗಳ ಕಾಟ

ಮಧ್ಯಾಹ್ನದ ಊಟದ ಗಡಿಬಿಡಿ. ಗಿರಾಕಿ ಬಿಲ್ಲಿನ ಹಣ ಹಿಡಿದು ನಿಂತಿದ್ದಾನೆ. ಅದೇ ಹೊತ್ತಿಗೆ ಗಲ್ಲಾದ ಮೇಲಿನ ಫೋನು ಬಾರಿಸುತ್ತದೆ. ಎತ್ತಿದರೆ ಯಂತ್ರದ ಕಂಠವೊಂದು ಸಾಲ ಬೇಕೇ ಎಂದು ಕೇಳುತ್ತದೆ. ಬೇಡವೆಂದರೆ ಅದಕ್ಕೆ ಕಿವಿಯಿಲ್ಲ. ಬೈದರೆ ಅದಕ್ಕೆ ಮಾನವಿಲ್ಲ. ಮುಂಬಯಿಯ ಹೋಟೆಲುಗಳಲ್ಲೂ ಕಚೇರಿಗಳಲ್ಲೂ ಇದು ನಿತ್ಯದ ಮಾತು.

ಇದು ಬರಿಯ ನಗೆಯ ವಿಷಯವಾಗಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ನಾವು ಹೋಟೆಲು ನಡೆಸುತ್ತಿದ್ದಾಗ ನಮ್ಮಲ್ಲಿದ್ದ ಕುಂದಾಪುರದ ಕಡೆಯ ಹುಡುಗನೊಬ್ಬನು ಇಂಥ ಕರೆಗಳಿಂದ ಬೇಸತ್ತು, ಗುರುತಿಲ್ಲದ ನಂಬರನ್ನು ಎತ್ತಲೇಬಾರದೆಂದು ನಿಶ್ಚಯಿಸಿದ್ದನು. ಒಂದು ಸಂಜೆ ಒಂದೇ ನಂಬರಿನಿಂದ ನಾಲ್ಕು ಸಲ ಕರೆ ಬಂದಿತು. ನಾಲ್ಕು ಸಲವೂ ಕತ್ತರಿಸಿದನು. ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ ತಂಗಿ ನೆರೆಮನೆಯವರ ಫೋನಿನಿಂದ ಮಾಡಿದ್ದ ಕರೆ ಅದು. ಸುದ್ದಿ ತಿಳಿಯುವಷ್ಟರಲ್ಲಿ ಊರಿನ ಬಸ್ಸು ಹೊರಟುಹೋಗಿತ್ತು. ದೇವರ ದಯೆಯಿಂದ ತಾಯಿ ಉಳಿದಳು. ಆದರೆ ಆ ರಾತ್ರಿಯೆಲ್ಲ ಅವನು ಅಡುಗೆಮನೆಯ ಬಾಗಿಲಲ್ಲಿ ಫೋನನ್ನು ಕೈಯಲ್ಲಿ ಹಿಡಿದು ಕುಳಿತಿದ್ದುದನ್ನು ನಾವು ಮರೆತಿಲ್ಲ.

ಆದುದರಿಂದ ಎಲ್ಲ ಕರೆಗಳಿಗೂ ಕಿವಿ ಮುಚ್ಚಿಕೊಳ್ಳುವುದು ಪರಿಹಾರವಲ್ಲ. ಬೇಡದವುಗಳನ್ನು ಬಾಗಿಲಲ್ಲೇ ತಡೆಯಬೇಕು. ಇದಕ್ಕೆ ಕಾನೂನಿನ ಆಸರೆಯಿದೆ. ಕರೆ ಬೇಡವೆಂದವರ ಹೆಸರು ದಾಖಲಿಸುವ ಏರ್ಪಾಡು 2007ರಲ್ಲೇ ಆರಂಭವಾಯಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2010ರಲ್ಲಿಯೂ, ಮತ್ತೆ 2018ರಲ್ಲಿಯೂ ನಿಯಮಗಳನ್ನು ಬಿಗಿಗೊಳಿಸಿತು. ನೀವು ಮಾಡಬೇಕಾದುದಿಷ್ಟೆ: ನಿಮ್ಮ ಫೋನಿನಿಂದಲೇ 1909ಕ್ಕೆ ಕರೆ ಮಾಡಿರಿ, ಇಲ್ಲವೆ ‘ಸ್ಟಾರ್ಟ್ 0’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಅದೇ ನಂಬರಿಗೆ ಸಂದೇಶ ಕಳುಹಿಸಿರಿ.

ಅನಂತರವೂ ಕಾಟ ನಿಲ್ಲದಿದ್ದರೆ, ಕರೆ ಬಂದ ನಂಬರು, ದಿನಾಂಕ, ವಿಷಯಗಳನ್ನು ತಿಳಿಸಿ 1909ಕ್ಕೆ ದೂರು ಕೊಡಬಹುದು. ಮೊದಲು 3 ದಿನಗಳಿದ್ದ ಅವಧಿಯನ್ನು 2025ರ ತಿದ್ದುಪಡಿ 7 ದಿನಗಳಿಗೆ ಏರಿಸಿತು. ನೋಂದಣಿಯಿಲ್ಲದೆ ಪ್ರಚಾರದ ಕರೆ ಮಾಡುವವರ ಸಂಪರ್ಕಗಳನ್ನು ಕಡಿದು 2 ವರ್ಷಗಳವರೆಗೆ ಕಪ್ಪುಪಟ್ಟಿಗೆ ಸೇರಿಸಬೇಕೆಂದು 2024ರ ಆಗಸ್ಟಿನಲ್ಲಿ ಆಜ್ಞೆಯಾಗಿದೆ. ಯಾರೂ ದೂರದಿದ್ದರೆ ಆಜ್ಞೆ ಕಾಗದದಲ್ಲೇ ಉಳಿದೀತು.

ನಂಬರಿನ ಮೊದಲ ಅಂಕಿಗಳನ್ನೂ ಗಮನಿಸಿರಿ. 140ರಿಂದ ಆರಂಭವಾದರೆ ಅದು ಮಾರಾಟದ ಕರೆ. ಬ್ಯಾಂಕುಗಳು ಖಾತೆಯ ಕೆಲಸಕ್ಕಾಗಿ ಮಾಡುವ ಕರೆಗಳಿಗೆ 1600ರ ಸರಣಿ ಮೀಸಲಾಗಿದೆ. ಸಾಮಾನ್ಯ ಹತ್ತಂಕಿಯ ನಂಬರಿನಿಂದ ಸಾಲ ಕೊಡುತ್ತೇವೆಂದು, ಮೊದಲು ಶುಲ್ಕ ಕಟ್ಟಿರೆಂದು ಹೇಳುವವನನ್ನು ನಂಬಬೇಡಿರಿ. ಯಾವ ನಂಬರಿನಿಂದಲೇ ಆಗಲಿ, ಓಟಿಪಿ ಕೇಳಿದರೆ ಕೊಡಬೇಡಿರಿ. ಹಣ ಹೋಯಿತೆಂದು ತಿಳಿದೊಡನೆ, ನಾಚಿಕೊಂಡು ಕೂಡದೆ, 1930ಕ್ಕೆ ತಿಳಿಸಿರಿ. ಇಲ್ಲಿ ಒಂದೊಂದು ಗಳಿಗೆಯೂ ಅಮೂಲ್ಯ.

ನಮ್ಮ ತಪ್ಪೂ ಸ್ವಲ್ಪ ಉಂಟು. ಬಹುಮಾನದ ಚೀಟಿಗೂ ರಿಯಾಯಿತಿಯ ಕಾರ್ಡಿಗೂ ನಂಬರು ಬರೆದುಕೊಟ್ಟು, ಕೆಳಗಿನ ಸಣ್ಣ ಅಕ್ಷರದ ಒಪ್ಪಿಗೆಗೆ ಓದದೆ ಸಹಿ ಹಾಕುತ್ತೇವೆ. ಹಾಗೆ ಕೊಟ್ಟ ಒಪ್ಪಿಗೆಯೇ ಆ ಸಂಸ್ಥೆಗೆ ರಹದಾರಿಯಾಗುತ್ತದೆ.

ಹಿಂದೆ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರು ಅಡುಗೆಮನೆಯ ಸಂಗಡಿಗರಿಗೆ ಊರಿನ ಕಾಗದ ಬರೆದುಕೊಡುತ್ತಿದ್ದರು. ಇಂದು ಕಚೇರಿಯಲ್ಲಿ ದುಡಿಯುವ ಬಂಧುಗಳು ಅದೇ ಉಪಕಾರವನ್ನು ಬೇರೆ ರೀತಿಯಲ್ಲಿ ಮಾಡಬಹುದು. ಬರುವ ರಜೆಯ ದಿನ ನಿಮ್ಮ ಪರಿಚಯದ ಹೋಟೆಲು ಹುಡುಗನ ಫೋನಿನಿಂದ 1909ಕ್ಕೆ ಒಂದು ಸಂದೇಶ ಕಳುಹಿಸಿಕೊಡಿರಿ. ಅವನ ಊರಿನ ಕರೆ ಅವನನ್ನು ತಲುಪಲಿ.